ನಮ್ಮ ಮನೆಗೆ ಒಪ್ಪುವ ಹಡಗು

ಹೇಗೋ ಬದುಕುವವರು ಎಡವಿದರೆ ಯಾರೂ ತಿರುಗಿ ನೋಡುವುದಿಲ್ಲ. ಸೀರೆಯ ನೆರಿಗೆಯನ್ನೂ ಅಳತೆ ತಪ್ಪದಂತೆ ಹಿಡಿಯುವ ನನ್ನಂಥವಳು ಎಡವಿದರೆ ಅರ್ಧ ಕೊಳ್ಳೇಗಾಲ ಬಂದು ನೋಡುತ್ತದೆ. ನನಗೆ ಇಂಥವು ನಡೆಯುತ್ತಲೇ ಇರುತ್ತವೆ. ಹೋದ ಚಳಿಗಾಲದಲ್ಲಿ ನಡೆದದ್ದಂತೂ ಊರವರ ಬಾಯಲ್ಲಿ ದಿನಕ್ಕೊಂದು ಬಣ್ಣ ಪಡೆಯುತ್ತಿದೆ. ಅದಕ್ಕಿಂತ ನಾನೇ ನೇರವಾಗಿ ಹೇಳಿಬಿಡುವುದು ಮರ್ಯಾದೆ.

೧. ದ್ವೀಪ ಅಂದರೇನು

ನಮ್ಮ ಯಜಮಾನರು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದರು. ನಿವೃತ್ತಿಯ ಖುಷಿಗೆ ಸಮುದ್ರದ ಕಡೆ ಒಂದು ಪ್ರವಾಸ ಹೋಗೋಣವೆಂದು ನಾನೇ ಹೇಳಿದೆ. ಮೈಸೂರಿನ ಕಾನ್ವೆಂಟಿನಲ್ಲಿ ಓದುವಾಗ ತರಗತಿಯ ಗೋಡೆಯ ಮೇಲೆ ಒಂದು ಬಿಳಿ ಹಡಗಿನ ಚಿತ್ರವಿತ್ತು. ಅದರ ಮೇಲೆ ನಿಂತು ಚಹಾ ಕುಡಿಯಬೇಕೆಂಬುದು ನನ್ನ ಅಂದಿನ ಆಸೆ. ಯಜಮಾನರು ಕೂಡಲೇ ಒಪ್ಪಿದರು, ಆದರೆ ಒಂದು ಮಾತು ಸೇರಿಸಿದರು. “ಹೋದರೆ ಎಲ್ಲರೂ ಹೋಗೋಣ. ಅಮ್ಮ, ತಮ್ಮ, ಅವನ ಹೆಂಡತಿ.”

ಈ ಮೂವರೂ ಬಂಡಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿರುವವರು. ಹಡಗಿನ ಊಟದ ಕೋಣೆಯಲ್ಲಿ ಇವರ ಜೊತೆ ಕೂರುವುದನ್ನು ನೆನೆದು ನನ್ನ ಮುಖ ಸಣ್ಣದಾಯಿತು. ಆದರೂ ಒಂದು ಭಾನುವಾರ ಎಲ್ಲರನ್ನೂ ಕರೆಸಿ, ಹಡಗಿನಲ್ಲಿ ಸುತ್ತುವುದೋ ದ್ವೀಪಕ್ಕೆ ಹೋಗಿ ಇಳಿಯುವುದೋ ಎಂದು ಸಭೆ ನಡೆಸಿದೆ.

ಮೈದುನ ಶುರು ಮಾಡಿದ. “ಅತ್ಗೆಮ್ಮ, ದ್ವೀಪ ಅಂದ್ರೆ ಸುತ್ತ ನೀರು, ನಡುವೆ ನೆಲ ತಾನೆ?”

“ಹೌದು.”

“ಅಂಗಾದ್ರೆ ಶಿವನಸಮುದ್ರನೂ ದ್ವೀಪನೇ ಕಣ್ರಿ. ಎರಡ್ ಕಡೆನೂ ಕಾವೇರಿ. ಬೆಳಿಗ್ಗೆ ಓಗಿ, ಸಂಜೆ ಹಾಲು ಕರಿಯೋ ಒತ್ಗೆ ಬಂದ್ಬುಡಬೋದು.”

ನಾನು ಸಿಟ್ಟು ನುಂಗಿಕೊಂಡು ಅಂಡಮಾನಿನ ಫೋಟೊಗಳನ್ನು ತೋರಿಸಿದೆ. ಬಿಳಿ ಮರಳು, ನೀಲಿ ನೀರು, ಮರದ ಕುಟೀರ. ಅಲ್ಲಿಯವರೆಗೆ ಬಾಯಿ ಬಿಡದಿದ್ದ ಓರಗಿತ್ತಿ ಫೋನನ್ನು ಹಿಡಿದು ನೋಡಿ, ಮೆಲ್ಲಗೆ ಗಂಡನಿಗೆ ಕೊಟ್ಟು, ನನ್ನತ್ತ ತಿರುಗಿದಳು.

“ಅಕ್ಕ, ಮೊದ್ಲು ಜೈಲಿಗೆ ಕಳಿಸ್ತಿದ್ದುದು ಅಲ್ಗೇ ಅಲ್ವಾ? ನಾವೇನ್ ತೆಪ್ಪು ಮಾಡಿದ್ವಿ?”

೨. ತಲೆ ಯಾವ ಕಡೆ

ಹಾಗೆ ದ್ವೀಪ ಮುಳುಗಿ ಹಡಗು ಉಳಿಯಿತು. ಆದರೆ ಅತ್ತೆಯವರಿಗೆ ಒಂದು ಅನುಮಾನ. “ಬಡಗ್ಲಿಗೆ ತಲೆ ಆಕಿ ಮಲಗಬಾರ್ದು ಕಣಮ್ಮಿ. ನೆಲದ ಮ್ಯಾಲಾದ್ರೆ ಗೊತ್ತಾಯ್ತದೆ. ಹಡಗು ಸುಮ್ಕಿರ್ತದಾ? ನಾ ತೆಂಕ್ಲಿಗೆ ತಲೆ ಆಕಿ ಮಲಗ್ತಿನಿ, ಅದು ನಡುರಾತ್ರಿಲಿ ಅತ್ಲಾಗೆ ತಿರುಗ್ಬುಡ್ತದೆ. ಆಗ?”

ಉತ್ತರ ದಿಕ್ಕಿಗೆ ತಲೆ ಹಾಕಬಾರದೆಂಬುದು ಮೂಢನಂಬಿಕೆ ಎಂದೆ. ತಮ್ಮ ಪ್ರಶ್ನೆಗೆ ಉತ್ತರ ಸಿಗದಿದ್ದರೆ ತಾವು ಹಡಗು ಹತ್ತುವುದಿಲ್ಲ ಎಂದರು. ಅವರು ಹತ್ತದಿದ್ದರೆ ಯಜಮಾನರೂ ಹತ್ತುವುದಿಲ್ಲ. ಅಲ್ಲಿಗೆ ಮೈಸೂರಿನ ಪ್ರವಾಸ ಕಚೇರಿಗೆ ಫೋನು ಮಾಡಬೇಕಾಯಿತು. ಅಭ್ಯಾಸಬಲದಿಂದ ಇಂಗ್ಲಿಷಿನಲ್ಲೇ ಕೇಳಿದೆ. ಫೋನೆತ್ತಿದ ಹುಡುಗಿ “ಪಾರ್ಡನ್?” ಎಂದಳು. ಇನ್ನೊಮ್ಮೆ ಕೇಳಿದೆ. ಇನ್ನೊಮ್ಮೆ ಪಾರ್ಡನ್. ಇಂಗ್ಲಿಷಿನಲ್ಲಿ ಈ ಪ್ರಶ್ನೆ ಎಷ್ಟು ಕೆಟ್ಟದಾಗಿ ಕೇಳಿಸುತ್ತದೆಂದು ಆಗ ತಿಳಿಯಿತು. ಕೊನೆಗೆ ಕನ್ನಡದಲ್ಲಿ ಹೇಳಿದೆ. ಕಾಯಿರಿ ಎಂದು ಫೋನಿನಲ್ಲಿ ಸಂಗೀತ ಹಾಕಿ ಹೋದವಳು ಬಹಳ ಹೊತ್ತಿನ ಮೇಲೆ ಬಂದಳು. ಹಿಂದೆ ಯಾರೋ ನಗು ತಡೆಯುತ್ತಿದ್ದರು.

“ಮೇಡಂ, ದುಂಡು ಮಂಚ ಇರೋ ಒಂದು ರೂಮಿದೆಯಂತೆ. ಹಡಗು ತಿರುಗಿದ ಹಾಗೆ ನಿಮ್ಮತ್ತೆಯವರೂ ತಿರುಗಬಹುದು.”

ನಾಚಿಕೆ ಬಿಟ್ಟು ಈ ಮಾತನ್ನು ಅತ್ತೆಗೆ ತಲುಪಿಸಿದೆ. ಅವರು ಗಂಭೀರವಾಗಿ ಯೋಚಿಸಿದರು.

“ರಾತ್ರಿಯೆಲ್ಲ ಗಾಣದೆತ್ತಿನಂಗೆ ಸುತ್ತಬೇಕಾ ನಾನು? ಬುಡು ಅತ್ಲಾಗೆ, ಕುಂತ್ಕಂಡೇ ನಿದ್ದೆ ಮಾಡ್ತಿನಿ.”

೩. ನನ್ನ ಭಾಷಣ

ನಮ್ಮ ಬಡಾವಣೆಯ ಮಹಿಳಾ ಮಂಡಳಿಯಲ್ಲಿ ನನ್ನ ಮಾತಿಗೆ ಬೆಲೆಯಿದೆ. ಇತ್ತು ಎನ್ನಬೇಕೇನೋ. ನಾವು ಹಡಗಿನಲ್ಲಿ ಹೋಗುವ ಸುದ್ದಿಯನ್ನು ನಾನೇ ಅಲ್ಲಿ ಹೇಳಿದೆ. ಅಧ್ಯಕ್ಷೆಯವರು ಸಂತೋಷಪಟ್ಟು, ಕುಟುಂಬಕ್ಕೆ ಒಪ್ಪುವ ಪ್ರವಾಸವನ್ನು ಆರಿಸುವುದು ಹೇಗೆ ಎಂಬ ವಿಷಯದ ಮೇಲೆ ಮಾತನಾಡಲು ನನ್ನನ್ನೇ ಕೇಳಿಕೊಂಡರು.

ನಾನು ನಿಂತು ಹೇಳಿದೆ. ಮೊದಲು ಮನೆಯವರನ್ನು ಪರೀಕ್ಷಿಸಿ, ಆಮೇಲೆ ಹಡಗನ್ನು ಆರಿಸಿ. ಅಲೆಯ ಮೇಲೆ ಹೊಟ್ಟೆ ನಿಲ್ಲದವರನ್ನು ಪ್ರೀತಿಯ ಹೆಸರಿನಲ್ಲಿ ಕರೆದೊಯ್ದು ಎಲ್ಲರ ರಜೆ ಕೆಡಿಸಬೇಡಿ. ಹಿರಿಯರಿರಲಿ, ಕಿರಿಯರಿರಲಿ, ನಿಯಮ ಒಂದೇ. ಚಪ್ಪಾಳೆ ಬಿತ್ತು. ಆಗ ಹಿಂದಿನ ಸಾಲಿನಿಂದ ಖಜಾಂಚಿಯವರು ಎದ್ದು ಕೇಳಿದರು.

“ಮೇಡಂ, ನೀವು ಇದುವರೆಗೆ ಯಾವ ಹಡಗು ಹತ್ತಿದ್ದೀರಿ?”

“ಇನ್ನೂ ಇಲ್ಲ.”

“ದೋಣಿ?”

“ಇಲ್ಲ.”

“ತೆಪ್ಪನಾದರೂ?”

ಸುಳ್ಳು ಹೇಳುವುದು ನನ್ನಿಂದಾಗದು. “ಒಮ್ಮೆ ಪಾಲಾರ್ ದಾಟಿ ಹೊಗೇನಕಲ್‌ಗೆ ಹೋಗಿದ್ದೆವು. ಎಲ್ಲರೂ ತೆಪ್ಪದಲ್ಲಿ ಹೋದರು. ನಾನು ದಡದಲ್ಲಿ ಚಪ್ಪಲಿ ಕಾಯುತ್ತಿದ್ದೆ.”

೪. ಪರೀಕ್ಷೆ

ಸಮುದ್ರ ನಮ್ಮಲ್ಲಿಲ್ಲ. ಆದರೆ ಮಹದೇಶ್ವರ ಬೆಟ್ಟದ ಬಸ್ಸಿದೆ. ಆ ತಿರುವುಗಳಲ್ಲಿ ಹೊಟ್ಟೆ ಗಟ್ಟಿಯಾಗಿದ್ದರೆ ಯಾವ ಸಮುದ್ರಕ್ಕೂ ಹೆದರಬೇಕಿಲ್ಲವೆಂದು ನಾನೇ ಲೆಕ್ಕ ಹಾಕಿ, ಒಂದು ಬೆಳಿಗ್ಗೆ ಎಲ್ಲರನ್ನೂ ಬಸ್ಸಿಗೆ ಹತ್ತಿಸಿದೆ. ಹೆಚ್ಚು ಎತ್ತಿಹಾಕಲಿ ಎಂದು ಹಿಂದಿನ ಸೀಟನ್ನೇ ಆರಿಸಿದೆ. ನಿಜ ಹೇಳಬೇಕೆಂದರೆ ನನ್ನ ಕಣ್ಣಿದ್ದದ್ದು ಅತ್ತೆಯವರ ಮೇಲೆ. ಅವರಿಗೆ ಒಂದು ಸಲ ಸಂಕಟವಾದರೆ ಸಾಕು, ಅವರು ಊರಲ್ಲಿ ಉಳಿಯುತ್ತಾರೆ, ಅವರನ್ನು ನೋಡಿಕೊಳ್ಳಲು ಮೈದುನನೂ ಓರಗಿತ್ತಿಯೂ ಉಳಿಯುತ್ತಾರೆ. ಯಜಮಾನರ ಮನಸ್ಸನ್ನು ಆಮೇಲೆ ಒಲಿಸಿಕೊಂಡರಾಯಿತು.

ಎಲ್ಲರ ಕೈಗೂ ಒಂದೊಂದು ಪ್ಲಾಸ್ಟಿಕ್ ಕವರು ಕೊಟ್ಟೆ. ಪರೀಕ್ಷೆ ಮಾಡುವವಳಿಗೆ ಏಕೆಂದು ನಾನು ಇಟ್ಟುಕೊಳ್ಳಲಿಲ್ಲ. ಹನೂರು ದಾಟುವಷ್ಟರಲ್ಲಿ ಮೈದುನ ತನ್ನ ಕವರಿಗೆ ಕಡಲೆಕಾಯಿ ತುಂಬಿಕೊಂಡಿದ್ದ. ಓರಗಿತ್ತಿ ಸಿಪ್ಪೆಗೆ ತನ್ನದನ್ನು ಹಿಡಿದಿದ್ದಳು. ಯಜಮಾನರು ನಿದ್ದೆ ಹೋದರು. ಅತ್ತೆ ಕಿಟಕಿಯಾಚೆ ನೋಡುತ್ತ ಮಾದಪ್ಪನ ಪದ ಗುನುಗುತ್ತಿದ್ದರು.

ತಾಳಬೆಟ್ಟದ ಮೇಲಿನ ತಿರುವುಗಳು ಶುರುವಾದವು. ನನ್ನ ಕಿವಿ ಬಿಸಿಯಾಯಿತು. ಮುಂದಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದು, ಬೆನ್ನು ನೆಟ್ಟಗೆ ಮಾಡಿ ಕುಳಿತೆ. ಇನ್ನೊಂದು ತಿರುವು. ಆಮೇಲೆ ನಡೆದದ್ದನ್ನು ವಿವರಿಸುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ. ಅತ್ತೆ ಸರಕ್ಕನೆ ತಮ್ಮ ಕವರನ್ನು ನನ್ನ ಬಾಯಿಗೆ ಹಿಡಿದು ಬೆನ್ನು ನೀವಿದರು ಎಂದಷ್ಟೇ ಹೇಳಿದರೆ ಸಾಕು. ಅದು ತುಂಬಿದ ಮೇಲೆ ಯಜಮಾನರದ್ದು.

ಮುಂದಿನ ಸೀಟಿನ ಹೆಂಗಸು ತಿರುಗಿ ಅನುಕಂಪದಿಂದ ಕೇಳಿದಳು. “ಎಷ್ಟ್ ತಿಂಗ್ಳವ್ವಾ?”

“ಏ, ಅಂಗೇನಿಲ್ಲ ಕಣವ್ವ,” ಎಂದರು ಅತ್ತೆ. “ಅವ್ಳ ತಲೆ ನೋಡು, ನೆರೆತೋಗದೆ.”

ಆ ಹೆಂಗಸು ನನ್ನ ತಲೆಯನ್ನು ನೋಡಿದಳು. ಬೆಟ್ಟದ ಕಡೆ ಕೈ ಮುಗಿದಳು.

“ಮಾದಪ್ಪ ಕೊಡಬೇಕು ಅಂದ್ರೆ ವಯಸ್ಸು ಕೇಳ್ತನಾ?”

೫. ನಿಯಮ

ಮನೆಗೆ ಬಂದ ಮೇಲೆ ನಾನೇ ಹೇಳಿದೆ. “ನಿಯಮ ಎಲ್ಲರಿಗೂ ಒಂದೇ. ನಾನು ಬರುವುದಿಲ್ಲ. ನೀವು ನಾಲ್ವರು ಹೋಗಿಬನ್ನಿ.”

ಅವರು ಬೇಡವೆನ್ನುತ್ತಾರೆ, ಹಟ ಹಿಡಿಯುತ್ತಾರೆ, ಆಗ ಅವರ ಒತ್ತಾಯಕ್ಕೆ ಮಣಿದಂತೆ ಒಪ್ಪಿಕೊಳ್ಳೋಣವೆಂದಿದ್ದೆ. ಅತ್ತೆಯೇನೋ ಕೈ ಹಿಡಿದುಕೊಂಡರು. “ಸಂಕಟಕ್ಕೆ ಮಾತ್ರೆ ಸಿಕ್ತದೆ ಕಣಮ್ಮಿ, ನುಂಗಿ ಬಾ. ನೀ ಇಲ್ದೆ ಅಲ್ಲಿ ನಮ್ಗೆ ಯಾರು ಯೋಳ್ಕೊಡರು?” ಒಂದು ಸಲ ಕರೆದ ಕೂಡಲೇ ಒಪ್ಪಿದರೆ ಚೆನ್ನಾಗಿರುವುದಿಲ್ಲವೆಂದು ತಲೆ ಅಲ್ಲಾಡಿಸಿದೆ. ಎರಡನೆಯ ಸಲ ಕರೆಯಲೆಂದು ಯಜಮಾನರ ಮುಖ ನೋಡಿದೆ.

ಅವರು ಕನ್ನಡಕ ಒರೆಸಿಕೊಂಡು ಹೇಳಿದರು. “ಮದುವೆಯಾದಾಗಿನಿಂದ ನಿನ್ನ ಮಾತಿಗೆ ನಾನು ಎದುರಾಡಿದ್ದೇನೆಯೆ? ಈಗಲೂ ಆಡುವುದಿಲ್ಲ.”

೬. ಬೀಗ

ಉಳಿದದ್ದು ಮಂಡಳಿ. ಭಾಷಣ ಮಾಡಿದವಳೇ ಪರೀಕ್ಷೆಯಲ್ಲಿ ಬಿದ್ದೆನೆಂದು ಯಾವ ಬಾಯಲ್ಲಿ ಹೇಳಲಿ? ಹೇಳಬೇಕೆಂದೇ ಮುಂದಿನ ಸಭೆಗೆ ಹೋದೆ. ಹೋದರೆ ಅಲ್ಲಿ ನನಗೆ ಬೀಳ್ಕೊಡುಗೆ ಸಿದ್ಧವಾಗಿತ್ತು. ಕಾಶಿಗೆ ಹೊರಟವರಿಗೆ ಮಾಡುವಂತೆ ಹಾರ ಹಾಕಿ, ಶಾಲು ಹೊದಿಸಿ, ಆರತಿ ಎತ್ತಿದರು. ವಯಸ್ಸಾದ ಒಬ್ಬರು ತಮ್ಮ ಹೆಸರಿನಲ್ಲೂ ಸಮುದ್ರದಲ್ಲಿ ಒಂದು ಮುಳುಗು ಹಾಕಿ ಬನ್ನಿ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ನಾನು ಸುಳ್ಳು ಹೇಳಲಿಲ್ಲ. ಹಾರಕ್ಕೆ ಕತ್ತು ಕೊಟ್ಟೆ, ಅಷ್ಟೇ.

ಇನ್ನು ಅವರೆಲ್ಲ ಹಡಗಿನಲ್ಲಿರುವಷ್ಟು ದಿನ ನಾನು ಊರಿಗೆ ಕಾಣಿಸುವಂತಿರಲಿಲ್ಲ. ಯಳಂದೂರಿನ ತವರಿಗೆ ಹೋಗಿರಬಹುದಿತ್ತು. ಆದರೆ ಅಲ್ಲಿ ಬಸ್ಸಿಳಿದರೆ ಹೂ ಮಾರುವವರಿಂದ ಹಿಡಿದು ಎಲ್ಲರೂ ಗುರುತಿನವರು. ಕಡೆಗೆ ನನ್ನ ಮನೆಯಲ್ಲೇ ಅಡಗುವುದೆಂದು ತೀರ್ಮಾನಿಸಿದೆ. ಹೊರಡುವಾಗ ಯಜಮಾನರಿಂದ ಮುಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಸಿದೆ. ಹಿಂಬಾಗಿಲು ಒಳಗಿನಿಂದ ನನ್ನ ಕೈಯಲ್ಲಿತ್ತು. ಕಿಟಕಿ ಮುಚ್ಚಿ, ಪರದೆ ಎಳೆದು, ಟೀವಿಯನ್ನೂ ಹಾಕದೆ ಕುಳಿತೆ. ಎರಡು ದಿನ ಯಾವ ತೊಂದರೆಯೂ ಆಗಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಗೇಟು ಕಿರುಗುಟ್ಟಿತು. ಹೆಂಗಸರ ದನಿಗಳು. ಚಪ್ಪಲಿಗಳ ಸದ್ದು ನಿಲ್ಲುವಂತೆಯೇ ಇರಲಿಲ್ಲ.

“ಬೀಗ ಹಾಕಿದೆಯಲ್ಲಾ?” ಇದು ಅಧ್ಯಕ್ಷೆಯವರ ದನಿ.

“ಒಳಗೇ ಅವ್ಳೆ ಕಣವ್ವ!” ಇದು ನಮ್ಮತ್ತೆಯ ದನಿ. ಹಿಂದೆ ಗಾಳಿಯ ಭೋರೆಂಬ ಸದ್ದು. “ಬೀಗ ಕಳ್ರ ಭಯಕ್ಕೆ ಆಕಿರದು. ಒಂಟಿಯಾಗಿ ಅವ್ಳೆ. ಏನುಂಡ್ಲೋ, ಏನು ಬುಟ್ಲೋ ಅಂತ ನಂಗಿಲ್ಲಿ ಅನ್ನ ಸೇರ್ತಿಲ್ಲ. ಜೋರಾಗ್ ಕೂಗ್ರವ್ವ.”

ನನಗೆ ಅರ್ಥವಾಯಿತು. ಅಧ್ಯಕ್ಷೆಯವರ ಮನೆಗೆ ತುಪ್ಪ ಹೋಗುವುದು ಬಂಡಳ್ಳಿಯ ನಮ್ಮತ್ತೆಯಿಂದ. ಹಾಗಾಗಿ ಅಧ್ಯಕ್ಷೆಯವರ ನಂಬರು ಓರಗಿತ್ತಿಯ ಮೊಬೈಲಿನಲ್ಲಿತ್ತು. ಹಡಗು ಯಾವುದೋ ಬಂದರಿನಲ್ಲಿ ನಿಂತ ಕೂಡಲೇ ಅತ್ತೆ ವೀಡಿಯೊ ಕರೆ ಮಾಡಿಸಿ, ನನ್ನನ್ನು ನೋಡಿಕೊಳ್ಳಲು ಇಡೀ ಮಂಡಳಿಯನ್ನು ಕಳಿಸಿದ್ದರು.

ಉಸಿರು ಬಿಗಿಹಿಡಿದು ಕುಳಿತೆ. ಉತ್ತರ ಬರದಿದ್ದರೆ ಹೊರಟುಹೋಗುತ್ತಾರೆ ಎಂದುಕೊಂಡೆ. ಆಗ ನೆನಪಾಯಿತು, ಒಲೆಯ ಮೇಲೆ ಕುಕ್ಕರಿದೆ. ಅಡುಗೆಮನೆಗೆ ಹೋಗಬೇಕಾದರೆ ಕಿಟಕಿಯ ಮುಂದೆ ಹಾಯಬೇಕು, ಪರದೆ ತೆಳುವು. ಕಾನ್ವೆಂಟಿನಲ್ಲಿ ತಲೆಯ ಮೇಲೆ ಪುಸ್ತಕವಿಟ್ಟು ನಡೆಯಲು ಕಲಿತವಳು ನಾನು. ನೆಲಕ್ಕೆ ಮೊಣಕಾಲೂರಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಬೆಗಾಲಿಟ್ಟು ಹೊರಟೆ. ಹೊಸ್ತಿಲು ಮುಟ್ಟುವಷ್ಟರಲ್ಲಿ ಕುಕ್ಕರು ಕೂಗಿತು.

ಹೊರಗೆ ಗೇಟಿನತ್ತ ಹೊರಟಿದ್ದ ಚಪ್ಪಲಿಗಳು ನಿಂತವು.

ಇನ್ನೊಂದು ಸಲ ಕೂಗಿತು.

“ಎರಡಾಯ್ತು,” ಎಂದಿತು ಒಂದು ದನಿ.

“ಸೋನಾ ಮಸೂರಿಯಾದರೆ ಇನ್ನೊಂದು ಬೇಕು,” ಎಂದಿತು ಇನ್ನೊಂದು.

ಮೂರನೆಯದೂ ಆಗುವವರೆಗೆ ಎಲ್ಲರೂ ಕಾದರು. ಆಮೇಲೆ ಮನೆಯ ಪಕ್ಕದ ಓಣಿಯಲ್ಲಿ ಚಪ್ಪಲಿಗಳ ಸಾಲು ಹಿತ್ತಿಲ ಕಡೆ ಹರಿದುಬಂತು. ನಾನು ಎದ್ದು, ಮೊಣಕಾಲಿನ ಧೂಳು ಕೊಡವಿ, ಸೆರಗು ಹೊದ್ದು ಹಿಂಬಾಗಿಲು ತೆರೆದೆ. ಮುಂದೆ ಅಧ್ಯಕ್ಷೆಯವರು. ಒಂದು ಕೈಯಲ್ಲಿ ಊಟದ ಕ್ಯಾರಿಯರು, ಇನ್ನೊಂದರಲ್ಲಿ ಫೋನು. ಫೋನಿನಲ್ಲಿ ನಮ್ಮತ್ತೆ, ಅವರ ಹಿಂದೆ ಬಿಳಿ ಕಂಬಿ, ಕಣ್ಣಿಗೆಟುಕುವವರೆಗೂ ನೀರು. ಕೈಯಲ್ಲೊಂದು ಚಹಾದ ಕಪ್ಪು.

“ನೋಡಿದ್ರಾ, ನಾ ಯೋಳಿಲ್ವಾ? ಒಸಿ ಸೊರಗವಳೆ. ಬಡಿಸ್ರವ್ವ,” ಎಂದು ಅತ್ತೆ ಕಣ್ಣೊರೆಸಿಕೊಂಡರು.

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಎಲ್ಲರೂ ನನ್ನ ಮುಖ ಬಿಟ್ಟು ಹಿತ್ತಿಲಿನ ಕರಿಬೇವಿನ ಗಿಡವನ್ನು ನೋಡುತ್ತಿದ್ದರು. ಅಧ್ಯಕ್ಷೆಯವರು ದೊಡ್ಡ ಮನಸ್ಸಿನವರು. ಹತ್ತಿರ ಬಂದು, ದನಿ ತಗ್ಗಿಸಿ ಹೇಳಿದರು.

“ನೀವೇನೂ ಯೋಚನೆ ಮಾಡಬೇಡಿ ಮೇಡಂ. ಇಲ್ಲಿಗೆ ಬಂದಿರುವ ನಮ್ಮನ್ನು ಬಿಟ್ಟು ಮಂಡಳಿಯ ಇನ್ನೊಬ್ಬರ ಕಿವಿಗೆ ಈ ವಿಷಯ ಬೀಳುವುದಿಲ್ಲ. ಇದು ನನ್ನ ಮಾತು.”

ಮುಳುಗುವವಳಿಗೆ ಹಲಗೆ ಸಿಕ್ಕಂತಾಯಿತು. “ತುಂಬಾ ಉಪಕಾರ,” ಎಂದೆ. “ಇಂದು ಬಾರದವರು ಯಾರು ಯಾರು?”

ಅವರು ಹಿಂದೆ ತಿರುಗಿ, ಓಣಿಯ ತುದಿಯವರೆಗೂ ನಿಂತಿದ್ದ ಸಾಲನ್ನು ಒಂದೊಂದೇ ಮುಖವಾಗಿ ನೋಡಿಕೊಂಡು ಬಂದರು.

“ಯಾರೂ ಇಲ್ಲ ಮೇಡಂ. ಎಲ್ಲರೂ ಬಂದಿದ್ದಾರೆ.”