ಗೇಣುದ್ದ ತಂತಿಯ ಹಾರಾಟ ಯೋಗ್ಯತೆ

ಬಂಗಾರಪೇಟೆ,
ಫೆಬ್ರವರಿ ೧೯೫೮

ವಿಮಾನಗಳ ಹಾರಾಟ ಯೋಗ್ಯತೆಯನ್ನು ನಿರ್ಣಯಿಸುವ ಮಹನೀಯರ ಸನ್ನಿಧಾನಕ್ಕೆ, ಪತ್ರಿಕೆಯ ಮೂಲಕ,

ಮಾನ್ಯರೇ,

ಆಕಾಶದ ಬಾಗಿಲು ಕಾಯುವ ತಮಗೆ, ನೆಲದ ಮೇಲೆ ಭದ್ರವಾಗಿ ನಿಂತಿರುವ ಬಂಗಾರಪೇಟೆಯಿಂದ ಅನಂತ ನಮಸ್ಕಾರಗಳು. ತಮ್ಮ ಫೈಲುಗಳೆಲ್ಲ ಕುಶಲವೆಂದು ನಂಬಿದ್ದೇನೆ. ನಾನು ಇಲ್ಲಿ ಅಕ್ಕಿ ಗಿರಣಿ ನಡೆಸುವ, ವಿಮಾನ ಹಾರಿಸಲು ಲೈಸೆನ್ಸು ಪಡೆದಿರುವ ವೆಂಕಟರಾಯಪ್ಪ. ಚಿನ್ನದ ಗಣಿಯ ದೊರೆಯೊಬ್ಬರು ಸ್ವದೇಶಕ್ಕೆ ಹೊರಟಾಗ ಬಿಟ್ಟುಹೋದ, ಬಟ್ಟೆ ಹೊದಿಸಿದ ರೆಕ್ಕೆಗಳ, ಎರಡು ಸೀಟಿನ ಹಳೆಯ ವಿಮಾನಕ್ಕೆ ಈಗ ನಾನೇ ಯಜಮಾನ.

ನನ್ನ ಕೈಗೆ ಬಂದಾಗಿನಿಂದ ಈ ವಿಮಾನ ಒಮ್ಮೆಯೂ ಬಿದ್ದಿಲ್ಲ, ದಾರಿ ತಪ್ಪಿಲ್ಲ, ಮರಕ್ಕೆ ತಾಗಿಲ್ಲ. ತಾವು ಯೋಗ್ಯತಾ ಪತ್ರ ಕೊಡದೆ ಅದನ್ನು ಗಿರಣಿಯ ಅಂಗಳದಲ್ಲೇ ಕಾಪಾಡಿದ್ದರ ಫಲವಿದು. ನನ್ನ ಹೆಂಡತಿ ಆದಿಲಕ್ಷ್ಮಿ ಅದರ ರೆಕ್ಕೆಯ ಮೇಲೆ ಸಂಡಿಗೆ ಒಣಹಾಕುವಾಗಲೆಲ್ಲ ತಮ್ಮನ್ನು ನೆನೆಯುತ್ತಾಳೆ.

ಬಾಲದ ಚುಕ್ಕಾಣಿಯನ್ನು ಎಳೆಯುವ ತಂತಿ ಗಟ್ಟಿಯಿದೆಯೆಂಬುದಕ್ಕೆ ಪುರಾವೆ ಒದಗಿಸಿರೆಂದು ತಾವು ಬರೆದಿದ್ದಿರಿ. ನನ್ನ ಫಿಟ್ಟರ್ ಮುನಿಶಾಮಿ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ, ಜನರನ್ನು ಒಳಗೆ ಇಳಿಸುವ ಪಂಜರದ ಉಕ್ಕಿನ ಹಗ್ಗವನ್ನು ನೋಡಿಕೊಳ್ಳುತ್ತಿದ್ದವನು. ಅಲ್ಲಿ ಆಗಾಗ ಹಗ್ಗದ ತುದಿಯನ್ನು ಕತ್ತರಿಸಿ ಪರೀಕ್ಷೆಗೆ ಕಳಿಸುವುದು ಪದ್ಧತಿ. ಡ್ರಮ್ಮಿನಲ್ಲಿ ಸುತ್ತಿದ ಹಗ್ಗ ಬೇಕಾದಷ್ಟು ಉಳಿದಿರುತ್ತದೆ. "ತುದಿ ಕತ್ತರ್ಸಿ ಎಳ್ದು ನೋಡ್ದೆ ಎಂಗೆ ನಂಬೋದು ಸಾಮಿ" ಎಂದು ಅವನು ಕೇಳಿದ್ದು ನನಗೂ ನ್ಯಾಯವೆನಿಸಿ, ಗೇಣುದ್ದ ತಂತಿಯನ್ನು ಕತ್ತರಿಸಿ, ಅರಗಿನ ಮುದ್ರೆಯೊತ್ತಿ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆವು. ತುಂಡು ಅತ್ಯುತ್ತಮವಾಗಿದೆಯೆಂದೂ, ಉಳಿದ ತಂತಿ ಚುಕ್ಕಾಣಿಯನ್ನು ಮುಟ್ಟದಷ್ಟು ಗಿಡ್ಡವಾಗಿರುವುದರಿಂದ ವಿಮಾನ ಹಾರಲು ಅಯೋಗ್ಯವೆಂದೂ ತಾವು ತೀರ್ಪಿತ್ತಿರಿ. ಹೊಸ ತಂತಿಗೆ ಪರವಾನಗಿ ಕೇಳಿದರೆ, ಯೋಗ್ಯತಾ ಪತ್ರವಿರುವ ವಿಮಾನಕ್ಕೆ ಮಾತ್ರ ಅದು ಸಿಗುವುದೆಂದು ತಿಳಿಸಿದಿರಿ. ಇಂಥ ಆಲೋಚನೆ ನಮ್ಮಂಥವರ ತಲೆಗೆ ಹೊಳೆಯುವಂಥದಲ್ಲ.

ಎಲ್ಲ ತನ್ನ ಕತ್ತರಿಯಿಂದಲೇ ಆಯಿತೆಂದು ಮುನಿಶಾಮಿಗೆ ನಾನು ಹೇಳಿಲ್ಲ. ತಪ್ಪನ್ನು ತಮ್ಮ ಕಚೇರಿಯ ಮೇಲೆಯೇ ಹೊರಿಸಿದ್ದೇನೆ, ಮನ್ನಿಸಬೇಕು. ಅವನು ಓದುವುದು ತಮಿಳು ಪತ್ರಿಕೆಯಾದ್ದರಿಂದ ಈ ಕನ್ನಡ ಪತ್ರಿಕೆಯಲ್ಲಿ ಧೈರ್ಯವಾಗಿ ಬರೆಯುತ್ತಿದ್ದೇನೆ. "ಆ ಗಣಿನೆಲ್ಲ ಒಳಗಿಂದ್ಲೇ ನೋಡಿದೀನಿ, ಒಂದ್ಕಿತ ಮೇಲಿಂದ ನೋಡ್ಬಿಟ್ರೆ ಸಾಕು ಸಾಮಿ" ಎನ್ನುವುದೊಂದೇ ಅವನ ಆಸೆ. ಅದಕ್ಕಾಗಿಯೇ ಸಂಬಳ ಬೇಡವೆಂದು ಈ ವಿಮಾನವನ್ನು ಒರೆಸುತ್ತಾನೆ. ಅವನ ಎದೆಯಲ್ಲಿ ಗಣಿಯ ಧೂಳು ಮನೆ ಮಾಡಿದೆ. ತಡವಾದೀತೆಂದು ನನಗೆ ನಿಜವಾಗಿಯೂ ಭಯವಾಗುತ್ತಿದೆ.

ಆದ್ದರಿಂದ ಅತ್ಯುತ್ತಮವೆನಿಸಿದ ಆ ಗೇಣುದ್ದ ತುಂಡಿಗಾದರೂ ಯೋಗ್ಯತಾ ಪತ್ರ ದಯಪಾಲಿಸಿ, ಉಳಿದ ವಿಮಾನ ಅದರ ಜೊತೆಗೆ ಹೋಗಿಬರಲು ಅಪ್ಪಣೆ ಕೊಡಬೇಕು. ಅದಾಗದಿದ್ದರೆ ವಿಮಾನಕ್ಕೆ ಗಣಿಯ ಹಳೆಯ ಹಗ್ಗ ಕಟ್ಟಿ, ಗಾಳಿಪಟದಂತೆ ಏರಿಸಿ ಇಳಿಸಲು ಒಪ್ಪಬೇಕು. ಅದೂ ಆಗದಿದ್ದರೆ ತಾವೇ ಬಂದು, ಆ ಗಣಿಯನ್ನೇ ಮುನಿಶಾಮಿ ನಿಂತಲ್ಲಿಂದಲೇ ಮೇಲಿಂದ ನೋಡುವಷ್ಟು ಕೆಳಗಿಳಿಸಿ ಕೊಡಬೇಕೆಂದು ಪ್ರಾರ್ಥಿಸುತ್ತೇನೆ.

ಅಂಚೆಯವನ ದಾರಿ ನೋಡುತ್ತಿರುವ,
ತಮ್ಮ ವಿಶ್ವಾಸಿ,
ವೆಂಕಟರಾಯಪ್ಪ

ಮರೆತ ಮಾತು: ಮುನಿಶಾಮಿ ಗಣಿಯ ಕೆಲಸಕ್ಕೆ ಯೋಗ್ಯನಲ್ಲವೆಂದು ಅಲ್ಲಿನ ಡಾಕ್ಟರು, ಮೇಜಿನ ಮೇಲಿನ ಕಾಫಿ ಆರುವುದರೊಳಗೆ ಬರೆದು ಸಹಿ ಹಾಕಿದ್ದರು. ಇನ್ನು ಕೆಳಗೆ ಇಳಿಯಬೇಡ ಎನ್ನಲು ಅಷ್ಟು ಹೊತ್ತು ಸಾಕಾಯಿತು. ಒಮ್ಮೆ ಮೇಲೆ ಹೋಗಿ ಬಾ ಎನ್ನಲು ತಮಗೆ ಬೇಕಾಗಿರುವಷ್ಟು ಹೊತ್ತು ಅವನ ಬಳಿ ಇಲ್ಲ.