ಮುಹೂರ್ತಕ್ಕೆ ಅಡ್ಡ ಬಂದ ಕೆಂಪು ದೀಪ

ಬ್ರೇಕು ಒತ್ತಿದಾಗ ಮಾತ್ರ ಹತ್ತಬೇಕಾದ ದೀಪ ಬ್ರೇಕು ಒತ್ತದೆಯೇ ಹತ್ತಿತು. ಮುರುಗೇಶಪ್ಪನ ಅವಾಂತರಕ್ಕೆಲ್ಲ ಅಷ್ಟೇ ಮೂಲ.

ಆ ಹಳೆಯ ಮೋಟಾರ್ ಸೈಕಲ್ಲನ್ನು ಅವನಿಗೆ ಮಾರಿದವನು ಮಹಾ ಪುಕ್ಕಲ. ಬ್ರೇಕು ಕಚ್ಚಿಕೊಂಡರೆ ಕೂಡಲೇ ಗೊತ್ತಾಗಲಿ ಎಂದು ಹ್ಯಾಂಡಲ್ಲಿನ ನಡುವೆ ಬೋರೆಹಣ್ಣಿನಷ್ಟು ದಪ್ಪದ ಕೆಂಪು ಬಲ್ಬೊಂದನ್ನು ಕೂರಿಸಿದ್ದ. ಎರಡು ವರ್ಷ ಬ್ರೇಕಿನ ಮಾತು ಮೀರದಿದ್ದ ಆ ಬಲ್ಬು, ಎಪ್ಪತ್ತೆರಡರ ಬೇಸಿಗೆಯ ಆ ಬೆಳಿಗ್ಗೆ, ಚಿತ್ರದುರ್ಗ ದಾಟಿ ನಾಲ್ಕು ಮೈಲಿ ಹೋಗುವಷ್ಟರಲ್ಲಿ ತಾನಾಗಿಯೇ ಕಣ್ಣು ಬಿಟ್ಟಿತು.

ಹಿಂದೆ ಕೂತಿದ್ದವನು ಬಾಲ್ಯದ ಗೆಳೆಯ ಓಬಣ್ಣ. ಮಿಲಿಟರಿಯವನು, ಅದಕ್ಕಿಂತ ಮುಖ್ಯವಾಗಿ ಆ ದಿನದ ಮದುಮಗ. ರಜೆ ಸಿಕ್ಕಿದ್ದೇ ತಡವಾಗಿ, ಎಂಟು ಗಂಟೆಗೆ ದುರ್ಗಕ್ಕೆ ಬಂದಿಳಿದಿದ್ದ. ಹನ್ನೊಂದೂವರೆಗೆ ರಾಮಗಿರಿಯಲ್ಲಿ ಮುಹೂರ್ತ.

"ಬಸ್ಸು ಯಾಕಲೇ? ನನ್ ಗಾಡಿ ಐತಲ್ಲ! ಹತ್ತಕ್ಕೆಲ್ಲ ಹಸೆಮಣೆ ಮ್ಯಾಲೆ ಕುಂಡ್ರುಸ್ತೀನಿ" ಎಂದು ಮುರುಗೇಶಪ್ಪನೇ ಕಛೇರಿಗೆ ರಜೆ ಹಾಕಿ ಹೊರಡಿಸಿದ್ದ.

ಗಡಿಯಲ್ಲಿ ಶತ್ರುಗಳ ಗುಂಡಿಗೆ ಹೆದರದ ಓಬಣ್ಣ ಹೊಳಲ್ಕೆರೆ ರಸ್ತೆಯ ಗುಂಡಿಗೆ ಹೆದರಿದ. ಪ್ರತಿ ಕುಲುಕಾಟಕ್ಕೂ ಮಿಲಿಟರಿ ಬೂಟುಗಳನ್ನು ಊರಿ, ಗೆಳೆಯನ ಸೊಂಟವನ್ನು ಗಟ್ಟಿಯಾಗಿ ತಬ್ಬಿಕೊಳ್ಳುತ್ತಿದ್ದ.

"ದೀಪ ಹತ್ತೈತೆ! ಬ್ರೇಕು ಹಿಡ್ಕಂಡೈತೆ!" ಎಂದು ಮುರುಗೇಶಪ್ಪ ಗಾಡಿ ನಿಲ್ಲಿಸಿದ. ನಿಲ್ಲಿಸಿ, ಇಬ್ಬರೂ ಕಾಲು ಕೆಳಗಿಟ್ಟರೆ ದೀಪ ಏನೂ ಅರಿಯದ ಮಗುವಿನಂತೆ ಆರಿಹೋಯಿತು. ಹೊರಟರು. ಮತ್ತೆ ಹತ್ತಿತು. ನಿಂತರು. ಆರಿತು. ಹೀಗೆ ನಿಂತು ನಿಂತು ಹೊಳಲ್ಕೆರೆ ಮುಟ್ಟುವಾಗ ಹತ್ತೂ ಕಾಲು.

ಸೈಕಲ್ ಷಾಪಿನ ಪಾಲಯ್ಯ ಮೋಟಾರ್ ಸೈಕಲ್ಲನ್ನು ನೋಡಿದ್ದು ಬಹಳ, ಮುಟ್ಟಿದ್ದು ಅದೇ ಮೊದಲು. ಇಬ್ಬರನ್ನೂ ಕೆಳಗಿಳಿಸಿ, ಹೆಡ್‌ಲೈಟು ಬಿಚ್ಚಿ, ಶಾವಿಗೆಯಂತೆ ವೈರುಗಳನ್ನು ಹೊರಗೆಳೆದು, ಮತ್ತೆ ಒಳಗೆ ತುರುಕಿದ. ಅಷ್ಟು ಹೊತ್ತೂ ದೀಪ ಒಮ್ಮೆಯೂ ಹತ್ತಲಿಲ್ಲ.

"ನನ್ ಕೈಗುಣ ನೋಡ್ರಿ! ಇನ್ನು ಜನ್ಮದಾಗೆ ಹತ್ತಾಕಿಲ್ಲ."

ಪಕ್ಕದ ಟೀ ಅಂಗಡಿಯ ಹುಚ್ಚಕ್ಕ ಒಪ್ಪಲಿಲ್ಲ. "ವೈರೂ ಇಲ್ಲ ಗಿಯರೂ ಇಲ್ಲ. ಮದುಮಗನಿಗೆ ದೃಷ್ಟಿ ಆಗೈತೆ. ಸುಮ್ನೆ ನಿಂತ್ಕಳ್ರಿ" ಎಂದು ಹ್ಯಾಂಡಲ್ಲಿಗೆ ನಿಂಬೆಹಣ್ಣು, ಒಣಮೆಣಸಿನಕಾಯಿ ಕಟ್ಟಿ, ಬೂದಿಯನ್ನು ಓಬಣ್ಣನ ಹಣೆಗೂ ಸೈಲೆನ್ಸರಿಗೂ ಒಂದೇ ಸಮ ಬಳಿದಳು.

ಹೊಳಲ್ಕೆರೆ ಬಿಟ್ಟು ಮೂರು ಮೈಲಿಗೆ ದೀಪ ಮತ್ತೆ ಹತ್ತಿತು. ಮುರುಗೇಶಪ್ಪ ಗಾಬರಿಯಲ್ಲಿ ನಿಲ್ಲಿಸಿದ ರಭಸಕ್ಕೆ ಎಂಜಿನ್ನೇ ಆರಿತು. ಒದ್ದು ಒದ್ದು ಕಾಲು ಸೋತರೂ ಅದು ಕೆಮ್ಮಿತೇ ಹೊರತು ಮಾತಾಡಲಿಲ್ಲ.

"ಇಳಿಯಲೇ ಓಬಣ್ಣ, ತಳ್ಳು!"

ಮದುಮಗ ಇಳಿದ. ತೊಟ್ಟ ರೇಷ್ಮೆ ಅಂಗಿ ಬೆನ್ನಿಗಂಟುವಂತೆ ತಳ್ಳಿದ. ಗಾಡಿ ಢಮ್ಮೆಂದು ಹೊಗೆ ಉಗುಳಿ, ಹಗ್ಗ ಕಿತ್ತ ಹೋರಿಯಂತೆ ನೆಗೆಯಿತು. ಮುರುಗೇಶಪ್ಪನ ಕಣ್ಣು ಕೆಂಪು ದೀಪದ ಮೇಲೇ ಇತ್ತು. ಹತ್ತಲಿಲ್ಲ! ಗುಂಡಿ ಬಂತು, ಹತ್ತಲಿಲ್ಲ! ಹಿಂದಿನಿಂದ ಓಬಣ್ಣ ಏನೋ ಕೂಗಿದ್ದು ಕೇಳಿಸಿತು. ಅವನಿಗೂ ಖುಷಿಯಾಗಿದೆ ಅಂದುಕೊಂಡ.

"ನೋಡ್ದೇನಲೇ, ಹೆಂಗೆ ಓಡ್ತೈತೆ! ಗಟ್ಟಿಯಾಗಿ ಹಿಡ್ಕ!" ಎನ್ನುತ್ತಾ, ದಾರಿಯುದ್ದಕ್ಕೂ ಸಂಸಾರದ ಬಗ್ಗೆ ಬುದ್ಧಿ ಹೇಳುತ್ತಾ ಹೋದ. ಓಬಣ್ಣ ಮರುಮಾತಾಡದ್ದನ್ನು ನಾಚಿಕೆ ಎಂದು ತಿಳಿದ.

ಹನ್ನೊಂದೂ ಹತ್ತಕ್ಕೆ ಗಾಡಿ ರಾಮಗಿರಿಯ ಚಪ್ಪರದೆದುರು ನಿಂತಿತು. ಆರತಿ ತಟ್ಟೆ ಹಿಡಿದ ಹೆಂಗಸರು ಮುಂದೆ ಬಂದರು.

"ಹೇಳ್ದಂಗೆ ತಂದೀನಿ ನೋಡ್ರಿ, ಮದುಮಗನ್ನ!" ಮುರುಗೇಶಪ್ಪ ಎದೆಯುಬ್ಬಿಸಿ ಹೇಳಿದ.

ಹೆಣ್ಣಿನ ಸೋದರಮಾವ ಚಿತ್ರಲಿಂಗಪ್ಪ ಗಾಡಿಯನ್ನು ಒಂದು ಸುತ್ತು ಹಾಕಿ ಬಂದ. "ಎಲ್ಲಿ ಕಟ್ಕಂಡು ಬಂದೀಯಪ್ಪ, ಕಾಣಾಕಿಲ್ಲ?"

ಮುರುಗೇಶಪ್ಪ ತಿರುಗಿ ನೋಡಿದ. ಹಿಂದಿನ ಸೀಟು ಅಂಗೈಯಂತೆ ಬೋಳಾಗಿತ್ತು.

"ಕುಂತ್ಕಳ್ರಿ ಮಾವ! ದಾರ್‍ಯಾಗೆ ಬಿಟ್ಟು ಬಂದೀನಿ, ಈಗ್ಲೇ ತರಾಣ!"

ಚಿತ್ರಲಿಂಗಪ್ಪ ಪಂಚೆ ಎತ್ತಿ, ದಪ್ಪ ಎಕ್ಕಡದ ಕಾಲೆತ್ತಿ ಹತ್ತಿ ಕೂತ. ಧಗ್ಗೆಂದು ಕೆಂಪು ದೀಪ ಹತ್ತಿತು!

ಮುರುಗೇಶಪ್ಪ ಬಗ್ಗಿ ನೋಡಿದ. ಬ್ರೇಕಿನಿಂದ ದೀಪದ ಸ್ವಿಚ್ಚಿಗೆ ಎಳೆದಿದ್ದ ಸಣ್ಣ ಸ್ಪ್ರಿಂಗಿನ ಮೇಲೆ ಮಾವನ ಹಿಮ್ಮಡಿ ಕೂತಿತ್ತು. "ಕಾಲೆತ್ರಿ!" ಆರಿತು. "ಇಡ್ರಿ!" ಹತ್ತಿತು. ಬೆಳಗಿನಿಂದ ಆ ಜಾಗದಲ್ಲಿ ಊರಿದ್ದು ಓಬಣ್ಣನ ಬೂಟು!

"ಸಿಕ್ತು! ಸಿಕ್ತು!" ಎಂದು ಮುರುಗೇಶಪ್ಪ ಎರಡೂ ಕೈ ಮೇಲೆತ್ತಿ ಕುಣಿದ.

ಮದುಮಗ ಸಿಕ್ಕ ಎಂದು ತಿಳಿದ ವಾಲಗದವರು ಊದಿಯೇ ಬಿಟ್ಟರು. ಒಳಗೆ ಮದುಮಗಳನ್ನು ಕರೆತಂದು ನಿಲ್ಲಿಸಿ, ಅಂತರಪಟ ಹಿಡಿದರು. ಪುರೋಹಿತರು ಮಂತ್ರಕ್ಕೆ ಬಾಯಿ ತೆರೆದು, ಪಟದ ಆಚೆ ಇಣುಕಿ, ಹಾಗೇ ಬಾಯಿ ಮುಚ್ಚಿದರು. ಅಲ್ಲಿ ಬರೀ ಗೋಡೆ ಇತ್ತು.

ಚಿತ್ರಲಿಂಗಪ್ಪ ಗಾಡಿಯಿಂದಿಳಿದು ಎಕ್ಕಡವನ್ನು ಕೈಗೆ ತೆಗೆದುಕೊಳ್ಳುತ್ತಿದ್ದಂತೆ ಬೀದಿಯಲ್ಲಿ ಗದ್ದಲವೆದ್ದಿತು. ಮಡಕೆ ತುಂಬಿದ ಎತ್ತಿನಗಾಡಿಯೊಂದು ನಾಗಾಲೋಟದಲ್ಲಿ ಬಂತು. ಮಡಕೆಗಳ ನಡುವೆ ಮೈಯೆಲ್ಲ ಧೂಳಾಗಿ, ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತಾ ನಿಂತಿದ್ದವನು ಓಬಣ್ಣ.

ಮುಹೂರ್ತ ಮೀರಲು ಎರಡು ನಿಮಿಷವಿರುವಾಗ ಮದುಮಗಳ ಕೊರಳಿಗೆ ತಾಳಿ ಬಿತ್ತು. ಆಮೇಲೆ ಮುರುಗೇಶಪ್ಪ ದೀಪದ ಗುಟ್ಟು ಹೇಳಲು ಮೂವರ ತೋಳು ಹಿಡಿದ. ಮೂವರೂ ಕೊಡವಿಕೊಂಡು ಹೋದರು. ಓಬಣ್ಣ ಮಾತ್ರ ಹಸೆಮಣೆಯಿಂದಲೇ ಕೂಗಿ ಹೇಳಿದ:

"ಅವನ್ನ ಕೊನೇ ಪಂಕ್ತಿಗೆ ಕುಂಡ್ರುಸ್ರಿ!"

ಕೊನೇ ಪಂಕ್ತಿಗೆ ಬರುವಷ್ಟರಲ್ಲಿ ಹೋಳಿಗೆ ಮುಗಿದಿತ್ತು.