ತಟ್ಟಿ ನೋಡಿದ ದ್ವೀಪ

ರುದ್ರಮೂರ್ತಿ: ಒಂದು ತೆಂಗಿನಕಾಯಿನೇ ತಟ್ಟಿ ನೋಡ್ದೆ ನಾನು ಲಾರಿಗೆ ಹಾಕ್ಸಲ್ಲ. ನನ್ನ ಹೊಟ್ಟೆನ ಕಣ್ಣಿಗೆ ಕಾಣದ ಆಸ್ಪತ್ರೆಗೆ ಹಾಕ್ತೀನಾ?

ಸುಲೋಚನಮ್ಮ: ತರೀಕೆರೆ ನರ್ಸಿಂಗ್ ಹೋಮ್ ಕಣ್ಣಿಗೆ ಕಾಣ್ತಿತ್ತಲ್ಲ. ಅದಕ್ಯಾಕೆ ಹೋಗ್ಲಿಲ್ಲ?

ರುದ್ರಮೂರ್ತಿ: ಕಂಡಿದ್ದಕ್ಕೇ ಹೋಗ್ಲಿಲ್ಲ ಕಣೇ.

ಕಡೂರಿನಲ್ಲಿ ಕಾಯಿ ವ್ಯಾಪಾರ ಮಾಡುವ ರುದ್ರಮೂರ್ತಿಯವರಿಗೆ ಹರ್ನಿಯಾ. ಆಪರೇಷನ್ ಆಗಲೇಬೇಕೆಂದು ಡಾಕ್ಟರು ಯುಗಾದಿಯಲ್ಲಿ ಹೇಳಿದ್ದರು, ಈಗ ದೀಪಾವಳಿ. ಮಗಳು ನಯನ ಸಮುದ್ರದ ನಡುವಿನ ಒಂದು ಪುಟ್ಟ ದ್ವೀಪದ ಆಸ್ಪತ್ರೆಯಲ್ಲಿ ನರ್ಸು. ರಜೆಗೆ ಬಂದವಳು ಅಪ್ಪನನ್ನು ಅಲ್ಲಿಗೇ ಕರೆದೊಯ್ಯುತ್ತೇನೆಂದು ಹಠ ಹಿಡಿದಿದ್ದಾಳೆ. ರುದ್ರಮೂರ್ತಿಯವರು ಜಗಲಿಯಲ್ಲಿ ಒಂದು ಕೈಯಿಂದ ಕಿಬ್ಬೊಟ್ಟೆಯನ್ನು ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಕಾಯಿ ತಟ್ಟುತ್ತ ಕುಳಿತಿದ್ದಾರೆ.

ನಯನ: ಸರಿ ಅಪ್ಪ, ನಮ್ಮ ದ್ವೀಪಾನೂ ತಟ್ಟಿ ನೋಡು. ಏನು ಬೇಕೋ ಕೇಳು.

ರುದ್ರಮೂರ್ತಿ: ಡಾಕ್ಟರು ಬೈತಾರಾ?

ನಯನ: ಇಲ್ಲಪ್ಪ. ತುಂಬ ಸಮಾಧಾನದವರು.

ರುದ್ರಮೂರ್ತಿ: ಹೋಯ್ತು. ಬೈಯದ ಡಾಕ್ಟರಿಗೆ ಕಾಯಿಲೆ ಹೆದರುತ್ತಾ?

ಸುಲೋಚನಮ್ಮ: ಮದುವೆ ಆದಾಗಿಂದ ನಾನು ಬೈತಾನೇ ಇದೀನಿ. ನಿಮಗೆ ಯಾವುದು ವಾಸಿ ಆಯ್ತು?

ರುದ್ರಮೂರ್ತಿ: ನೀನು ಸುಮ್ನಿರು. ಮಾತ್ರೆ ಎಷ್ಟು ಬಣ್ಣದಲ್ಲಿ ಕೊಡ್ತಾರೆ?

ನಯನ: ಬೇಕಾಗಿದ್ದು ಒಂದೇ ಮಾತ್ರೆ ಆದ್ರೆ ಒಂದೇ ಬಣ್ಣ.

ರುದ್ರಮೂರ್ತಿ: ಕೆಂಪು ಇಲ್ವಾ? ಕೆಂಪು ಮಾತ್ರೆ ಇಲ್ದೆ ರಕ್ತ ಹೆಂಗಾಗುತ್ತೆ?

ನಯನ: ನಿನಗೋಸ್ಕರ ಒಂದು ಕೆಂಪುದು ಹುಡುಕಿ ಇಟ್ಟಿರ್ತೀನಿ.

ರುದ್ರಮೂರ್ತಿ: ಗೇಟಿನ ಎದುರಿಗೆ ಎಳನೀರಿನವನು ಇದಾನಾ?

ನಯನ: ಆಸ್ಪತ್ರೆ ಸುತ್ತ ಪೂರ್ತಿ ತೆಂಗಿನ ಮರಾನೇ.

ರುದ್ರಮೂರ್ತಿ: ಹೌದಾ? ಕಾಯಿ ಎಷ್ಟು ದಪ್ಪ ಬರುತ್ತೆ?

ಸುಲೋಚನಮ್ಮ: ಹೊಟ್ಟೆ ಕೊಯ್ಸೋಕೆ ಹೋಗ್ತಿದೀರೋ, ಲೋಡ್ ಹಾಕ್ಸೋಕೋ?

ರುದ್ರಮೂರ್ತಿ: ವಿಚಾರಿಸೋದ್ರಲ್ಲಿ ತಪ್ಪೇನೈತೆ? ಅಲ್ಲಮ್ಮ ನಯನ, ಆ ಡಾಕ್ಟರ ಕೈಲಿ ಆಗದಂಥ ಕಾಯಿಲೆ ಬಂದ್ರೆ?

ನಯನ: ಹೆಲಿಕಾಪ್ಟರಲ್ಲಿ ದೊಡ್ಡಾಸ್ಪತ್ರೆಗೆ ಕಳಿಸ್ತಾರೆ.

ಕಾಯಿ ತಟ್ಟುತ್ತಿದ್ದ ಕೈ ನಿಂತಿತು.

ರುದ್ರಮೂರ್ತಿ: ಹರ್ನಿಯಾಗೆ ಕಳಿಸ್ತಾರಾ?

ನಯನ: ಇಲ್ಲ.

ರುದ್ರಮೂರ್ತಿ: ಸ್ವಲ್ಪ ಜಾಸ್ತಿ ಆದ್ರೆ?

ಸುಲೋಚನಮ್ಮ: ಅಯ್ಯೋ ಬಿಡ್ತು ಅನ್ನಿ. ಇವೆಲ್ಲ ಇರ್ಲಿ, ನಯನ. ಇವರು ಅಲ್ಲಿ ಮಲಗಿದ್ರೆ ನೋಡೋಕೆ ಯಾರು ಬರ್ತಾರೆ? ಬಂಧು ಬಳಗ ಅನ್ನೋದು ಬೇಡ್ವಾ?

ನಯನ: ಯಾರೂ ಬರೋಕಾಗಲ್ಲಮ್ಮ. ವಾರಕ್ಕೊಂದೇ ಹಡಗು. ಸಮುದ್ರ ಕೆಟ್ರೆ ಅದೂ ಇಲ್ಲ.

ಸುಲೋಚನಮ್ಮ ತಲೆಯ ಮೇಲೆ ಕೈ ಹೊತ್ತರು. ರುದ್ರಮೂರ್ತಿಯವರು ಕೈಯಲ್ಲಿದ್ದ ಕಾಯಿಯನ್ನು ಮೆಲ್ಲಗೆ ಕೆಳಗಿಟ್ಟರು.

ರುದ್ರಮೂರ್ತಿ: ಯಾರೂ ಬರೋಕಾಗಲ್ವಾ?

ನಯನ: ಯಾರೂ.

ರುದ್ರಮೂರ್ತಿ: ನಮ್ಮ ದಾಯಾದಿ ಹನುಮಂತಪ್ಪ?

ನಯನ: ಅವರಿಗೆ ಬಸ್ಸಲ್ಲೇ ತಲೆ ಸುತ್ತುತ್ತಲ್ಲಪ್ಪ.

ರುದ್ರಮೂರ್ತಿ: ಭೂಮಿ ಮೇಲೆ ಇಂಥ ಆಸ್ಪತ್ರೆ ಐತೆ ಅಂತ ಮೊದಲೇ ಯಾಕೆ ಹೇಳ್ಲಿಲ್ಲ? ಸುಲೋಚನಾ, ಬ್ಯಾಗು ತೆಗಿ.

ಸುಲೋಚನಮ್ಮ: ಏನ್ರೀ ಇದು?

ರುದ್ರಮೂರ್ತಿ: ಹೋದ ವರ್ಷ ಕಿಡ್ನಿ ಕಲ್ಲು ಅಂತ ತರೀಕೆರೆಲಿ ಮಲಗಿದ್ದು ಮರೆತ್ಯಾ? ನೋಡಕ್ಕೆ ಬಂದೋರು ಮಂಚದ ಮೇಲೆ ಕೂತ್ರು, ನಾನು ಸರಿದೆ. ಇನ್ನಿಬ್ರು ಬಂದ್ರು, ಸ್ಟೂಲಿಗೆ ಇಳಿದೆ. ಹನುಮಂತಪ್ಪ ಊಟ ಮಾಡ್ಕೊಂಡು ಬಂದಿದ್ದ, ‘ಒಂದು ಜೋಂಪು’ ಅಂತ ನನ್ನ ಜಾಗದಲ್ಲಿ ಅಡ್ಡಾದ. ನರ್ಸಮ್ಮ ಬಂದು ಅವನ ಸೊಂಟಕ್ಕೆ ಇಂಜೆಕ್ಷನ್ ಚುಚ್ಚಿದ್ಲು. ‘ಪೇಷಂಟು ನಾನು ಕಣಮ್ಮ’ ಅಂದ್ರೆ, ‘ನೋಡಕ್ಕೆ ಬಂದೋರು ಆಚೆ ಇರಿ’ ಅಂದ್ಲು.

ಸುಲೋಚನಮ್ಮ: ಅದರಿಂದ ಅವರಿಗೆ ಮಂಡಿ ನೋವು ಹೋಯ್ತಂತೆ. ಈಗ್ಲೂ ನಿಮ್ಮನ್ನ ನೆನೀತಾರೆ.

ರುದ್ರಮೂರ್ತಿ: ನೆನೆಯೋದೇನು, ಸಿಕ್ಕಿದಾಗಲೆಲ್ಲ ‘ಇನ್ಯಾವಾಗ ಅಡ್ಮಿಟ್ ಆಗ್ತೀಯ’ ಅಂತ ಕೇಳ್ತಾನೆ.

ಅಷ್ಟರಲ್ಲಿ ಗೇಟು ಕಿರ್ರೆಂದಿತು. ಅಜ್ಜಂಪುರದಲ್ಲಿರುವ ಸುಲೋಚನಮ್ಮನವರ ತಮ್ಮ ಷಡಕ್ಷರಿ, ಕೈಯಲ್ಲಿ ಒಂದು ಚೀಲ ಮೋಸಂಬಿ ಹಿಡಿದು ಒಳಗೆ ಬಂದ.

ಷಡಕ್ಷರಿ: ಏನ್ ಭಾವ, ಸಮುದ್ರದ ಮಧ್ಯೆ ಹೋಗಿ ಕೊಯ್ಸ್ಕೋತೀರಂತೆ? ಅಕ್ಕ ಬೆಳಗ್ಗೆ ಫೋನ್ ಮಾಡಿದ್ಲು.

ರುದ್ರಮೂರ್ತಿ: ಹೂಂ ಕಣಯ್ಯ. ಬಹಳ ದೂರ. ನೀವ್ಯಾರೂ ತೊಂದರೆ ತಗೋಬೇಡಿ.

ಷಡಕ್ಷರಿ: ತೊಂದರೆ ಏನು ಭಾವ, ನಮ್ಮೋರಲ್ವಾ? ಅಜ್ಜಂಪುರದಿಂದ ನಮ್ಮ ಮನೆಯೋರು, ಚೌಳಹಿರಿಯೂರಿಂದ ದ್ಯಾವಮ್ಮತ್ತೆ, ಆಮೇಲೆ ಹನುಮಂತಪ್ಪ. ಎಲ್ಲಾರೂ ಕಡೂರಲ್ಲೇ ರೈಲು ಹತ್ತೋದು ಅಂತ ತೀರ್ಮಾನ ಆಗೋಯ್ತು.

ರುದ್ರಮೂರ್ತಿ: ಹನುಮಂತಪ್ಪಂಗೆ ಹಡಗಲ್ಲಿ ತಲೆ ಸುತ್ತುತ್ತೆ.

ಷಡಕ್ಷರಿ: ಸುತ್ತಿದ್ರೆ ಏನಂತೆ? ಹೆಂಗೂ ಆಸ್ಪತ್ರೆಗೇ ತಾನೇ ಹೋಗ್ತಿರೋದು.

ರುದ್ರಮೂರ್ತಿ: ಇಲ್ಲಿ ಕೇಳಯ್ಯ. ಅಲ್ಲಿಗೆ ವಾರಕ್ಕೊಂದೇ ಹಡಗು.

ಷಡಕ್ಷರಿ: ಅದನ್ನೇ ಹೇಳೋಕೆ ಬಂದೆ ಭಾವ. ನಮ್ಮನ್ನ ಇಳಿಸಿ ಹಡಗು ಹೋಗ್ಬಿಟ್ರೆ, ಮುಂದಿನ ಹಡಗು ಬರೋ ತನಕ ನಾವು ಎಲ್ಲಿಗೂ ಹೋಗೋ ಹಂಗಿಲ್ಲ. ನಿಮ್ಮ ಮಂಚದ ಹತ್ರಾನೇ ಇರ್ತೀವಿ.

ರುದ್ರಮೂರ್ತಿಯವರು ಮಗಳತ್ತ ತಿರುಗಿದರು.

ರುದ್ರಮೂರ್ತಿ: ಸಮುದ್ರ ಕೆಟ್ರೆ?

ನಯನ: ಆ ವಾರದ ಹಡಗೂ ಬರಲ್ಲಪ್ಪ.

ರುದ್ರಮೂರ್ತಿಯವರು ಕೆಳಗಿಟ್ಟಿದ್ದ ಕಾಯಿಯನ್ನು ಎತ್ತಿಕೊಂಡು, ಒಮ್ಮೆ ತಟ್ಟಿ, ಪೊಳ್ಳು ಕಾಯಿಗಳ ಗುಡ್ಡೆಯ ಕಡೆಗೆ ಎಸೆದರು.

ರುದ್ರಮೂರ್ತಿ: ತರೀಕೆರೆಗೆ ಫೋನ್ ಮಾಡು, ನಯನ. ನಾಳೇನೇ ಕೊಯ್ಯಲಿ.

ಸುಲೋಚನಮ್ಮ: ಯಾಕ್ರೀ? ದ್ವೀಪದಲ್ಲಿ ಹೆಲಿಕಾಪ್ಟರೂ ಇತ್ತಲ್ಲ.

ರುದ್ರಮೂರ್ತಿ: ಹೆಲಿಕಾಪ್ಟರು ಇದ್ರೆ ಸಾಲದು ಕಣೇ, ಕೊನೇ ಬಸ್ಸು ಇರ್ಬೇಕು. ತರೀಕೆರೆಲಾದ್ರೆ ಹೊತ್ತು ಮುಳುಗಿದ ಮೇಲೆ ಇವ್ರು ಊರಿಗೆ ಹೋಗ್ಲೇಬೇಕು.

ಸುಲೋಚನಮ್ಮ ಮಗಳ ಕಡೆ ನೋಡಿದರು. ಇಬ್ಬರೂ ಒಟ್ಟಿಗೆ ಬ್ಯಾಗು ತರಲು ಒಳಗೆ ಹೋದರು. ಷಡಕ್ಷರಿ ಮೋಸಂಬಿ ಚೀಲವನ್ನು ಭಾವನ ತೊಡೆಯ ಮೇಲಿಟ್ಟ.

ಷಡಕ್ಷರಿ: ಒಳ್ಳೇದೇ ಆಯ್ತು ಬಿಡಿ ಭಾವ. ನಾಳೆ ಮೊದಲ್ನೇ ಬಸ್ಸಿಗೇ ಎಲ್ಲ ಬಂದ್ಬಿಡ್ತೀವಿ. ಹನುಮಂತಪ್ಪಂಗೆ ಇನ್ನೊಂದು ಮಂಡಿ ಹಂಗೇ ಉಳ್ಕೊಂಡೈತಂತೆ.